ಪೇಟೆಯೊಳಗಿನ ಊರುಗಳು



ಎಲ್ಲೂರಿನಂಥ ಗ್ರಾಮದಲ್ಲಿ ಬಾಳುವ ನಮಗೆ ಮಂಗಳೂರು ಅಪರಿಚಿತ ಪಟ್ಟಣವಲ್ಲ. 1997ರ ಆಗಸ್ಟ್ 25ರಂದು ಉಡುಪಿ ಪ್ರತ್ಯೇಕ ಜಿಲ್ಲೆಯಾಗುವ ತನಕ ನಮ್ಮ ಜಿಲ್ಲಾ ಕೇಂದ್ರವೇ ಅದಾಗಿತ್ತು. ಜಾಗದ ವ್ಯಾಜ್ಯವಿರಲಿ, ಮಕ್ಕಳ ಕಾಲೇಜಿರಲಿ, ಊರಿನ ವೈದ್ಯರು ಕೈಬಿಟ್ಟ ಕಾಯಿಲೆಯಿರಲಿ, ನಾವು ದಕ್ಷಿಣಕ್ಕೆ ಮುಖಮಾಡಿ ಬಸ್ಸು ಹತ್ತುತ್ತಿದ್ದೆವು. ಇಂದಿಗೂ ಹತ್ತುತ್ತೇವೆ. ಮೂಲ್ಕಿಯಲ್ಲಿ ಶಾಂಭವಿ, ಪಾವಂಜೆಯಲ್ಲಿ ನಂದಿನಿ, ಕೂಳೂರಿನಲ್ಲಿ ಫಲ್ಗುಣಿ ಎಂಬ ಮೂರು ಹೊಳೆಗಳನ್ನು ದಾಟಿದರೆ ಪೇಟೆ. ಕೂಳೂರಿನ ಹಳೆಯ ಕಮಾನು ಸೇತುವೆ ಆದದ್ದು 1952ರಲ್ಲಿ. ಅದಕ್ಕೂ ಹಿಂದಿನ ಹಿರಿಯರು ದೋಣಿಯಲ್ಲಿ ಹೊಳೆ ದಾಟಿದವರು.

ಇಷ್ಟು ಬಳಕೆಯ ಪಟ್ಟಣವನ್ನು ನಾವು ಎಷ್ಟು ಬಲ್ಲೆವು? ಬಸ್ಸಿನಿಂದಿಳಿದು ಆಸ್ಪತ್ರೆಗೆ, ಆಸ್ಪತ್ರೆಯಿಂದ ಔಷಧದ ಅಂಗಡಿಗೆ, ಅಲ್ಲಿಂದ ಮತ್ತೆ ಬಸ್ಸಿಗೆ ಎಂಬುದು ನಮ್ಮಲ್ಲಿ ಹೆಚ್ಚಿನವರ ಮಂಗಳೂರು. ಪೇಟೆ ನಮಗೆ ಕೆಲಸ ಮುಗಿಸಿ ಬಿಟ್ಟುಬರುವ ತಾಣ. ಅಲ್ಲಿಯ ಕೇರಿಗಳಲ್ಲಿ ಅಲ್ಲಿನವರಂತೆ ನಡೆದು, ಯಾವ ಕೇರಿ ಯಾರ ಬೆವರಿನಿಂದ, ಯಾರ ಕಣ್ಣೀರಿನಿಂದ ಆಯಿತೆಂದು ವಿಚಾರಿಸುವ ವ್ಯವಧಾನ ನಮಗಿಲ್ಲ. ಆ ವ್ಯವಧಾನವನ್ನು ಸ್ವಲ್ಪ ಹೊತ್ತಿನ ಮಟ್ಟಿಗೆ ನಿಮ್ಮಿಂದ ಬೇಡುವುದು ಈ ಲೇಖನದ ಉದ್ದೇಶ.

ಹೆಸರುಗಳು ಹೇಳುವ ಮಾತು

ಒಂದು ಪಟ್ಟಣವನ್ನು ಅರಿಯಲು ಅದರ ಹೆಸರುಗಳಿಂದ ಆರಂಭಿಸುವುದು ಲೇಸು. ಕನ್ನಡಿಗರಿಗೆ ಅದು ಮಂಗಳೂರು, ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ, ಮಲಯಾಳಿಗಳಿಗೆ ಮಂಗಲಾಪುರಂ. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಸಮುದ್ರದ ಅಂಚಿನಲ್ಲಿ ಒಂದುಗೂಡುವ ಸ್ಥಳವಾದುದರಿಂದ ಕೂಡಲ ಎಂಬುದೇ ಕುಡ್ಲ ಆಯಿತೆಂದು ಬಲ್ಲವರು ಹೇಳುವರು. ಒಂದೇ ಊರಿಗೆ ಐದು ಹೆಸರುಗಳು ಇವೆಯೆಂದರೆ, ಐದು ಭಾಷೆಗಳವರು ಅದನ್ನು ತಮ್ಮದೆಂದು ತಿಳಿದಿದ್ದಾರೆ ಎಂದೇ ಅರ್ಥ. ಪರವೂರಿಗೆ ಯಾರೂ ಮನೆಯ ಭಾಷೆಯಲ್ಲಿ ಮುದ್ದಿನ ಹೆಸರಿಡುವುದಿಲ್ಲ.

ಇನ್ನು ಕೇರಿಗಳ ಹೆಸರುಗಳನ್ನು ನೋಡಿ. ಕೊಡಿಯಾಲ್‌ಬೈಲು, ಬಿಕರ್ನಕಟ್ಟೆ, ಬಾವುಟಗುಡ್ಡ, ಹೊಯ್ಗೆಬಜಾರು. ಬೈಲು ಎಂದರೆ ತಗ್ಗಿನ ಗದ್ದೆಯ ನೆಲ. ಕಟ್ಟೆ ಎಂದರೆ ದಾರಿಹೋಕರು ಹೊರೆಯಿಳಿಸಿ ಕೂರುವ ಜಗಲಿ. ಹೊಯ್ಗೆ ಎಂದರೆ ಮರಳು. ಎಲ್ಲೂರಿನ ಮಹತೋಭಾರ ಶ್ರೀ ವಿಶ್ವೇಶ್ವರ ದೇವಸ್ಥಾನದ ಸುತ್ತಲಿನ ನಮ್ಮ ಗದ್ದೆ-ಗುಡ್ಡಗಳನ್ನು ನಾವು ಕರೆಯುವುದೂ ಇಂಥ ಮಾತುಗಳಿಂದಲೇ ಅಲ್ಲವೇ? ಮಂಗಳೂರು ಒಂದೇ ದಿನ ಒಂದೇ ಕೈ ಕಟ್ಟಿದ ನಗರವಲ್ಲ. ಬೈಲು, ಕಟ್ಟೆ, ಗುಡ್ಡೆಗಳ ಹತ್ತಾರು ಹಳ್ಳಿಗಳು ಒಂದಕ್ಕೊಂದು ತಾಗಿ ಬೆಳೆದು ಪಟ್ಟಣವೆನಿಸಿಕೊಂಡಿವೆ. ಪೇಟೆಯೊಳಗೆ ಊರುಗಳು ಈಗಲೂ ಅಡಗಿವೆ. ಹಂಪನಕಟ್ಟೆ ಎಂಬ ಹೆಸರಿನ ಹಿಂದೆ ದಾರಿಹೋಕರ ದಾಹ ತಣಿಸುತ್ತಿದ್ದ ಅಪ್ಪಣ್ಣನೆಂಬವನ ಕಟ್ಟೆಯಿತ್ತೆಂಬ ಐತಿಹ್ಯವಿದೆ. ಪಂಪ್‌ವೆಲ್ಲಿನ ಹೆಸರು ಪಂಪು ಜೋಡಿಸಿದ್ದ ಬಾವಿಯದು. ಇಂದು ಅಲ್ಲಿ ಕಾಣುವುದು 2020ರಲ್ಲಿ ಸಂಚಾರಕ್ಕೆ ತೆರೆದ ಮೇಲ್ಸೇತುವೆ ಮಾತ್ರ. ಬಾವಿ ಹೋಯಿತು, ಬಸ್ಸಿನ ನಿರ್ವಾಹಕನ ಕೂಗಿನಲ್ಲಿ ಹೆಸರು ಉಳಿಯಿತು.

ಬಂದರಿನ ಬೀದಿಯಲ್ಲಿ

ನಡಿಗೆಯನ್ನು ಹಳೆಯ ಬಂದರಿನಿಂದ ಆರಂಭಿಸೋಣ. ದೊಡ್ಡ ಹಡಗುಗಳು ಪಣಂಬೂರಿನ ನವಮಂಗಳೂರು ಬಂದರಿಗೆ ಹೋಗತೊಡಗಿದ್ದು 1970ರ ದಶಕದಲ್ಲಿ. ಅದಕ್ಕೂ ಹಿಂದೆ ಸಾವಿರ ವರ್ಷಗಳ ವ್ಯಾಪಾರವೆಲ್ಲ ನಡೆದದ್ದು ಈ ನದೀಮುಖದ ಆಸರೆಯಲ್ಲಿ. ಇಲ್ಲಿಯ ಗೋದಾಮುಗಳ ಸಾಲಿನಲ್ಲಿ ಮೆಣಸು, ಅಡಿಕೆ, ಒಣಮೀನುಗಳ ವಾಸನೆಯನ್ನು ಹಾದುಹೋಗುವಾಗ ಒಬ್ಬ ವರ್ತಕನನ್ನು ನೆನೆಯಬೇಕು. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಉತ್ತರ ಆಫ್ರಿಕದ ಟುನೀಸಿಯದ ಮೂಲದ ಈ ಯೆಹೂದಿ ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿ ನೆಲೆಸಿದ್ದನು. ಮೆಣಸು, ಕಬ್ಬಿಣ, ಅಡಿಕೆಗಳನ್ನು ಏಡನಿಗೆ ಕಳುಹಿಸುತ್ತಿದ್ದ, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸುತ್ತಿದ್ದ.

ಅಷ್ಟು ಹಿಂದಿನ ಸಂಗತಿ ನಮಗೆ ತಿಳಿದುದು ಹೇಗೆ? ಕೈರೋ ನಗರದ ಒಂದು ಸಿನಗಾಗಿನಲ್ಲಿ ದೇವರ ಹೆಸರು ಬರೆದ ಕಾಗದವನ್ನು ಹರಿದೆಸೆಯಬಾರದೆಂದು ಶತಮಾನಗಳ ಕಾಲ ಹಳೆಯ ಪತ್ರಗಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಟ್ಟಿದ್ದರು. ಆ ರಾಶಿಯಲ್ಲಿ ಬೆನ್ ಯಿಜುವಿನ ಕಾಗದಗಳೂ ದೊರೆತವು. ಅವುಗಳಲ್ಲಿ 1132ರ ಒಂದು ಪತ್ರ, ಆತ ಅಶು ಎಂಬ ದಾಸಿಗೆ ಬಿಡುಗಡೆ ನೀಡಿದುದನ್ನು ಸಾರುತ್ತದೆ. ಈ ನಾಡಿನವಳಾದ ಆಕೆಯನ್ನು ಆತ ವರಿಸಿ ಮಕ್ಕಳನ್ನು ಪಡೆದನೆಂದು ವಿದ್ವಾಂಸರು ತಿಳಿಯುತ್ತಾರೆ. ಅವನ ವ್ಯಾಪಾರದ ನಂಬಿಕಸ್ಥ ಸೇವಕ ಬೊಮ್ಮ ಎಂಬವನು. ಲೇಖಕ ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬೊಮ್ಮನ ಜಾಡನ್ನೇ ಅರಸುತ್ತ ತುಳುನಾಡಿಗೆ ಬಂದರು. ರಾಜರ ಹೆಸರುಗಳಿಗೇ ಮೀಸಲಾದ ಇತಿಹಾಸದಲ್ಲಿ ನಮ್ಮ ನೆಲದ ಒಬ್ಬ ಆಳಿನ ಹೆಸರು ಸಮುದ್ರದಾಚೆಯ ಕಾಗದದಲ್ಲಿ ಉಳಿಯಿತು.

ಇದೇ ಬಂದರಿನ ಬಳಿ ಝೀನತ್ ಬಕ್ಷ್ ಜುಮ್ಮಾ ಮಸೀದಿಯಿದೆ. ಅರಬ್ ವರ್ತಕರೊಂದಿಗೆ ಬಂದ ಮಾಲಿಕ್ ದೀನಾರರ ಬಳಗದವರು 7ನೆಯ ಶತಮಾನದಲ್ಲಿಯೇ ಅದನ್ನು ಸ್ಥಾಪಿಸಿದರೆಂಬುದು ಪರಂಪರೆಯ ನಂಬಿಕೆ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನೂ ಈ ಬಂದರನ್ನು ಕಂಡು ಇಲ್ಲಿಯ ಮುಸ್ಲಿಂ ವರ್ತಕರ ಬಗ್ಗೆ ಬರೆದಿದ್ದಾನೆ. ಮಂಗಳೂರಿನ ಇನ್ನೊಂದು ತುದಿಯಾದ ಕದ್ರಿಯ ಗುಡ್ಡದ ಬುಡದಲ್ಲಿ, ಅಳುಪ ಅರಸ ಕುಂದವರ್ಮನು 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಹೀಗೆ ಬಂದರಿನಿಂದ ಕದ್ರಿಯವರೆಗಿನ ಕೆಲವೇ ಮೈಲಿಗಳಲ್ಲಿ ಸಾವಿರ ವರ್ಷಗಳ ಬದುಕು ಹಾಸಿಕೊಂಡಿದೆ.

ಬೋಳಾರ ಮತ್ತು ಹಂಪನಕಟ್ಟೆ

ಬಂದರಿನ ದಕ್ಷಿಣಕ್ಕೆ ಬೋಳಾರ. ಪೋರ್ತುಗೀಸರು ಇಲ್ಲಿ ತಮ್ಮ ಕೋಠಿಯ ಬಳಿ 1568ರಲ್ಲಿ ರೊಸಾರಿಯೊ ಮಾತೆಯ ಇಗರ್ಜಿಯನ್ನು ಕಟ್ಟಿಸಿದರು. ಅದು ಸಮುದ್ರದಿಂದ ಬಂದವರ ಇಗರ್ಜಿ. ಗೋವೆಯಿಂದ ಭೂಮಾರ್ಗವಾಗಿ ವಲಸೆ ಬಂದು ಕೆಳದಿಯ ಅರಸರ ಆಶ್ರಯದಲ್ಲಿ ಗದ್ದೆ ಹಿಡಿದ ಕೊಂಕಣಿ ಕ್ರೈಸ್ತ ಕುಟುಂಬಗಳ ಕಥೆ ಬೇರೆ. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ, ರಾಣಿ ಚೆನ್ನಮ್ಮನ ಆಳ್ವಿಕೆಯ ದಿನಗಳಲ್ಲಿ, ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಂದ ಸ್ಥಾಪಿತವಾಯಿತು. ಬಿಷಪರು ಕ್ರೈಸ್ತರ ಹಿತಕ್ಕೆ ಬಂದವರು, ರಾಣಿ ಶಿವಭಕ್ತೆ. ಇಬ್ಬರ ನಡುವೆ ಮತದ ಗೋಡೆ ಅಡ್ಡಬರಲಿಲ್ಲವೆಂಬುದು ಗಮನಾರ್ಹ.

ಆದರೆ ನೂರು ವರ್ಷಗಳ ಬಳಿಕ ಕಾಲ ಬದಲಾಯಿತು. ಮೈಸೂರಿಗೂ ಆಂಗ್ಲರಿಗೂ ನಡೆದ ಯುದ್ಧ 1784ರ ಮಾರ್ಚಿನಲ್ಲಿ ಮಂಗಳೂರಿನ ಒಪ್ಪಂದದಿಂದ ಮುಗಿದುದನ್ನು ಶಾಲೆಯಲ್ಲಿ ಓದಿದ್ದೇವೆ. ಅದೇ ವರ್ಷ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು; ಮಿಲಾಗ್ರಿಸ್ ಇಗರ್ಜಿ ನೆಲಸಮವಾಯಿತು. ಟಿಪ್ಪುವು ಬೋಳೂರಿನಲ್ಲಿ ನದಿಯ ದಡದ ಮೇಲೆ ಕಟ್ಟಿಸಿದ ಕಾವಲು ಕೊತ್ತಲ, ಇಂದಿನ ಸುಲ್ತಾನ್ ಬತ್ತೇರಿ, ಅದೇ ಕಾಲದ ಇನ್ನೊಂದು ಸಾಕ್ಷಿ. ಬದುಕುಳಿದವರು 1799ರ ಬಳಿಕ ಹಿಂದಿರುಗಿದಾಗ ಅವರ ಮನೆಯಿಲ್ಲ, ಗದ್ದೆ ಪರರ ಕೈಯಲ್ಲಿ, ಇಗರ್ಜಿಯ ಸ್ಥಳದಲ್ಲಿ ಬಯಲು. ಆದರೂ ಅವರು ಮರಳಿ ಬಂದದ್ದು ಇದೇ ಊರಿಗೆ. ಇಂದು ಹಂಪನಕಟ್ಟೆಯ ವಾಹನಗಳ ಗದ್ದಲದ ನಡುವೆ ಮಿಲಾಗ್ರಿಸಿನ ಗಂಟೆ ಕೇಳಿಬಂದರೆ, ಹದಿನೈದು ವರ್ಷಗಳ ಸೆರೆಯ ಬಳಿಕ ಸೇಡನ್ನಲ್ಲ, ಮತ್ತೊಮ್ಮೆ ಮನೆಯ ಪಂಚಾಂಗವನ್ನು ಕಟ್ಟಿದವರ ನೆನಪು ಅದರಲ್ಲಿದೆಯೆಂದು ತಿಳಿಯಿರಿ.

ಬಲ್ಮಠದ ಅಚ್ಚು, ಜೆಪ್ಪುವಿನ ಹಂಚು

ಹಂಪನಕಟ್ಟೆಯಿಂದ ಮೂಡಣಕ್ಕೆ ಏರುಹಾದಿ ಹಿಡಿದರೆ ಬಲ್ಮಠ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್ನಿನ ಪ್ರಥಮ ಮಿಶನರಿಗಳಾಗಿ ಮಂಗಳೂರಿಗೆ ಬಂದರು. 1841ರಲ್ಲಿ ಬಲ್ಮಠದಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊತ್ತಮೊದಲ ಪತ್ರಿಕೆ. ಆ ದಿನವನ್ನೇ ನಾಡು ಪತ್ರಿಕಾ ದಿನವಾಗಿ ಆಚರಿಸುತ್ತದೆ. ಫರ್ಡಿನೆಂಡ್ ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದುದೂ ಮಂಗಳೂರಿನ ಈ ಮಿಶನ್ ಸಂಸ್ಥೆಯಿಂದಲೇ. ನೀವು ಈಗ ಕೈಯಲ್ಲಿ ಹಿಡಿದಿರುವಂಥ ಮಾಸಪತ್ರಿಕೆಗಳ ಅಜ್ಜನ ಮನೆ ಈ ಗುಡ್ಡ ಎಂದರೆ ಅತಿಶಯವಾಗದು.

ಆದರೆ ಬಲ್ಮಠದ ಕಥೆಯನ್ನು ಅಕ್ಷರಕ್ಕೆ ಮಾತ್ರ ಸೀಮಿತಗೊಳಿಸಿದರೆ ಅರ್ಧವನ್ನೇ ಹೇಳಿದಂತಾಗುವುದು. ಹೊಸ ಮತವನ್ನು ಸ್ವೀಕರಿಸಿದವರು ಕುಟುಂಬದ ಪಾಲನ್ನೂ ಒಕ್ಕಲು ಗದ್ದೆಯನ್ನೂ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ನಂಬಿಕೆ ದೊರೆಯಿತು, ಗಂಜಿ ಹೋಯಿತು. ಅವರ ಹೊಟ್ಟೆಯ ಪ್ರಶ್ನೆಗೆ ಮಿಶನ್ ಕಂಡುಕೊಂಡ ಉತ್ತರವೇ ಕೈಗಾರಿಕೆ. 1851ರಲ್ಲಿ ಬಂದ ಜಾನ್ ಹಾಲರರು ನೇಯ್ಗೆಯನ್ನು ಸುಧಾರಿಸಿದರು. ಖಾಕಿ ಬಣ್ಣದ ಬಟ್ಟೆ ಇಲ್ಲಿಯೇ ಹುಟ್ಟಿತೆಂದು ಮಂಗಳೂರಿನವರು ಅಭಿಮಾನದಿಂದ ಹೇಳಿಕೊಳ್ಳುವರು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನದಿಯ ದಡದಲ್ಲಿ ಒಳ್ಳೆಯ ಆವೆಮಣ್ಣು, ಘಟ್ಟದಿಂದ ಹೊಳೆಯಲ್ಲಿ ತೇಲಿಬರುವ ಕಟ್ಟಿಗೆ, ಸಾಗಾಟಕ್ಕೆ ಬಂದರು, ದುಡಿಯಲು ಕೆಲಸವಿಲ್ಲದ ಕೈಗಳು: ಈ ನಾಲ್ಕೂ ಒಂದೆಡೆ ಕೂಡಿದ್ದರಿಂದ ಮಂಗಳೂರು ಹಂಚು ಸಿಂಹಳ, ಬರ್ಮಾ, ಪೂರ್ವ ಆಫ್ರಿಕಗಳ ಮನೆಗಳ ಮೇಲೇರಿತು. ಬಳಿಕ ಊರಿನ ಉದ್ಯಮಿಗಳೂ ನದಿಗುಂಟ ಕಾರ್ಖಾನೆಗಳನ್ನು ಕಟ್ಟಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮಿಶನ್ನಿನ ಉದ್ದಿಮೆಗಳನ್ನು ಆಂಗ್ಲ ಸರಕಾರ ವಶಪಡಿಸಿಕೊಂಡಿತು. ಅನಂತರ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕಾಂಕ್ರೀಟು ಬಂದ ಮೇಲೆ ಹೆಚ್ಚಿನ ಕಾರ್ಖಾನೆಗಳ ಗೂಡು ಆರಿತು.

ನಿಮ್ಮ ಮನೆಯ ಹಟ್ಟಿಯ ಮಾಡಿನಿಂದ ಹಳೆಯ ಹಂಚೊಂದನ್ನು ಇಳಿಸಿ ಮಗುಚಿ ನೋಡಿರಿ. ಅದರ ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುವುದು ಕಂಡೀತು. ಮುಳಿಹುಲ್ಲಿನ ಮಾಡಿಗೆ ವರ್ಷ ವರ್ಷವೂ ಹೊದಿಕೆ ಬೇಕು, ಸದಾ ಬೆಂಕಿಯ ಭಯ. ಆ ಭಯದಿಂದ ನಮ್ಮ ಹಿರಿಯರನ್ನು ಬಿಡುಗಡೆ ಮಾಡಿದ್ದು ಜೆಪ್ಪುವಿನಂಥ ಕೇರಿಗಳಲ್ಲಿ ಮಣ್ಣು ತುಳಿದ, ಹಂಚು ಹೊತ್ತ ಹೆಂಗಸರು ಗಂಡಸರು. ಅವರ ಹೆಸರು ಹಂಚಿನ ಮೇಲಿಲ್ಲ.

ಗುಡ್ಡದ ಮೇಲೆ, ಆಲದ ಕೆಳಗೆ

ಬಲ್ಮಠದ ಹತ್ತಿರದಲ್ಲೇ ಬಾವುಟಗುಡ್ಡವಿದೆ. 1837ರ ಏಪ್ರಿಲಿನಲ್ಲಿ ಸುಳ್ಯ-ಪುತ್ತೂರುಗಳ ಕಡೆಯಿಂದ ಬಂದ ರೈತರ ದಂಡು ಕಂದಾಯದ ಕಾಟಕ್ಕೆ ಬೇಸತ್ತು ಮಂಗಳೂರನ್ನು ಹಿಡಿದು, ಕಂಪೆನಿ ಸರಕಾರದ ಬಾವುಟವನ್ನು ಇಳಿಸಿ ತನ್ನದನ್ನು ಇಲ್ಲಿ ಏರಿಸಿತೆಂಬುದು ಜನರ ನೆನಪು. ಎರಡು ವಾರಗಳೊಳಗೆ ಕಣ್ಣೂರಿನ ಸೈನ್ಯ ಬಂದು ಬಂಡಾಯವನ್ನು ತುಳಿಯಿತು. ಮುಖಂಡರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇದೇ ಗುಡ್ಡದಲ್ಲಿ 2022ರಲ್ಲಿ ನಿಂತಿತು. ಪಕ್ಕದಲ್ಲೇ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು. ಅಲ್ಲಿಯ ಚಾಪೆಲಿನ ಗೋಡೆ-ಛಾವಣಿಗಳನ್ನು ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಚಿತ್ರಗಳಿಂದ ತುಂಬಿದರು.

ಅಲ್ಲಿಂದ ಕಂಕನಾಡಿಗೆ ಬನ್ನಿ. ನಮ್ಮಲ್ಲಿ ಅನೇಕರಿಗೆ ಅದು ಹರಕೆ ಹೊತ್ತು, ಹಣ ಹೊಂದಿಸಿ ರೋಗಿಯೊಂದಿಗೆ ಹೋಗುವ ತಾಣ. ಜರ್ಮನಿಯ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರರು 1880ರಲ್ಲಿ ಇಲ್ಲಿ ಆಲದ ಮರದ ಕೆಳಗೆ ಕುಳಿತು ಹೋಮಿಯೋಪತಿಯ ಗುಳಿಗೆಗಳನ್ನು ಹಂಚಿದ್ದರೆಂದು ಹೇಳುತ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯ, 1902ರಲ್ಲಿ ಪ್ಲೇಗಿನ ಪೀಡಿತರಿಗೊಂದು ಆಸ್ಪತ್ರೆ. ಊರೆಲ್ಲ ಬಾಗಿಲು ಮುಚ್ಚಿಕೊಂಡು ಹೊರಗಿಟ್ಟವರಿಗೆ ಆ ಕೇರಿ ಬಾಗಿಲು ತೆರೆಯಿತು.

ನಡೆಯುವ ಹಕ್ಕು

ಇಷ್ಟು ಹೊತ್ತು ನಾವು ಕೇರಿಯಿಂದ ಕೇರಿಗೆ ನಿರಾತಂಕವಾಗಿ ನಡೆದೆವು. ಈ ನಿರಾತಂಕದ ನಡಿಗೆ ಎಲ್ಲರಿಗೂ ಎಂದೆಂದೂ ಇದ್ದುದಲ್ಲವೆಂಬುದನ್ನು ಇತಿಹಾಸ ನಮಗೆ ನೆನಪಿಸುತ್ತದೆ. ದಲಿತರ ಮಕ್ಕಳು ಶಾಲೆಯ ಬೆಂಚಿನ ಮೇಲೆ ಕೂರಬಾರದೆಂಬ ಕಾಲದಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರಕ್ಕಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಶನನ್ನು ಸ್ಥಾಪಿಸಿ ಶಾಲೆ, ವಸತಿ, ಕೈಕಸುಬುಗಳನ್ನು ಏರ್ಪಡಿಸಿದರು. ಸಾರಸ್ವತ ಬ್ರಾಹ್ಮಣರಾದ ಅವರು ಸ್ವಜಾತಿಯವರ ಬಹಿಷ್ಕಾರವನ್ನುಂಡರು. ಪುರಭವನಕ್ಕೆ ಇಂದು ಅವರ ಹೆಸರಿದೆ. ಪಟ್ಟಣದ ಇನ್ನೊಂದು ಅಂಚಿನಲ್ಲಿ, ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದ ಬಿಲ್ಲವ ಸಮಾಜವು ಹೊಯ್ಗೆಬಜಾರ್ ಕೊರಗಪ್ಪನವರ ಮುಂದಾಳುತನದಲ್ಲಿ ಕೇರಳದ ನಾರಾಯಣ ಗುರುಗಳನ್ನು ಆಹ್ವಾನಿಸಿತು. 1912ರಲ್ಲಿ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ತಮಗೆ ತೆರೆಯದ ಬಾಗಿಲ ಮುಂದೆ ಅಳುತ್ತ ನಿಲ್ಲದೆ ಎಲ್ಲರಿಗೂ ತೆರೆದ ಬಾಗಿಲೊಂದನ್ನು ಅವರು ಕಟ್ಟಿಕೊಂಡರು.

ಹಂಪನಕಟ್ಟೆಯಿಂದ ಉತ್ತರಕ್ಕೆ ಹೊರಡುವ ಕೆ.ಎಸ್. ರಾವ್ ರಸ್ತೆ ನಿಮಗೆ ಗೊತ್ತು. ಆ ಮೂರಕ್ಷರಗಳು ಕಾರ್ನಾಡ್ ಸದಾಶಿವ ರಾಯರವು. ಸಿರಿವಂತರಾಗಿ ಹುಟ್ಟಿ, ಸ್ವಾತಂತ್ರ್ಯ ಚಳವಳಿಗೂ ದೀನರ ಸೇವೆಗೂ ಇದ್ದುದನ್ನೆಲ್ಲ ಸುರಿದು, 1937ರಲ್ಲಿ ಬಡವರಾಗಿ ತೀರಿಕೊಂಡವರು. ಬೆಲೆಬಾಳುವ ಅಂಗಡಿಗಳ ಬೀದಿಗೆ ಏನನ್ನೂ ಉಳಿಸಿಕೊಳ್ಳದವರೊಬ್ಬರ ಹೆಸರು!

ಊರವರು ಯಾರು?

ಓದುಗರೇ, ಈ ನಡಿಗೆಯಿಂದ ಏಳುವ ಪ್ರಶ್ನೆ ಒಂದೇ. ಊರವರೆಂದರೆ ಯಾರು? ಟುನೀಸಿಯದ ವರ್ತಕ, ಗೋವೆಯ ವಲಸೆಗಾರ, ಸೆರೆಯಿಂದ ಮರಳಿದವನು, ಪಾಲು ಕಳೆದುಕೊಂಡ ಹಂಚಿನ ಕೆಲಸಗಾರ, ಜರ್ಮನಿಯ ಪಾದ್ರಿ, ದೇವಸ್ಥಾನದ ಹೊರಗೆ ನಿಂತ ತುಳುವ. ಒಂದಲ್ಲ ಒಂದು ಕಾಲದಲ್ಲಿ ಇವರೆಲ್ಲರೂ ಹೊರಗಿನವರು. ಇವರನ್ನು ತೆಗೆದರೆ ಉಳಿಯುವ ಮಂಗಳೂರು ಯಾವುದು? ನೆರೆಯವನನ್ನು ಅವನ ಜಾತಿ-ಮತದ ಗುರುತಿನಿಂದ ಅಳೆಯುವ, ಬಾಡಿಗೆಯ ಮನೆ ಕೊಡುವ ಮುನ್ನ ಹೆಸರು ಕೇಳುವ ಇಂದಿನ ದಿನಗಳಲ್ಲಿ ಈ ಪ್ರಶ್ನೆ ಪುಸ್ತಕದ್ದಷ್ಟೇ ಅಲ್ಲ.

ನಮ್ಮ ಎಲ್ಲೂರಿಗೂ ಈ ಪ್ರಶ್ನೆ ಬಂದು ತಲುಪಿದೆ. 2010ರ ಬಳಿಕ ಇಲ್ಲಿ ಕಾರ್ಯಾರಂಭ ಮಾಡಿದ 1200 ಮೆಗಾವ್ಯಾಟ್‌ಗಳ ಉಷ್ಣ ವಿದ್ಯುತ್ ಸ್ಥಾವರಕ್ಕಾಗಿ ಅನೇಕರು ಮನೆ-ಗದ್ದೆಗಳನ್ನು ಬಿಟ್ಟುಕೊಟ್ಟರು. ಅದಕ್ಕೆ ಬೇಕಾದ ಕಲ್ಲಿದ್ದಲು ಪಣಂಬೂರಿನಲ್ಲಿ ಹಡಗಿನಿಂದಿಳಿದು ರೈಲಿನಲ್ಲಿ ಬರುವ ಏರ್ಪಾಡಾಯಿತು. ಹಿಂದೆ ಜೆಪ್ಪುವಿನ ಹಂಚು ನಮ್ಮ ಊರಿಗೆ ಬಂದಂತೆ, ಬಂದರಿನ ಹೊರೆ ಈಗಲೂ ನಮ್ಮ ಬಾಗಿಲಿಗೆ ಬರುತ್ತದೆ. ದೂರದ ರಾಜ್ಯಗಳಿಂದ ದುಡಿಯಲು ಬಂದವರು ನಮ್ಮ ಅಂಗಡಿಗಳಲ್ಲಿ ಅಕ್ಕಿ ಕೊಳ್ಳುತ್ತಾರೆ. ಅವರ ನಾಲಗೆಯ ಮೇಲೆ ನಮ್ಮ ಬೈಲು-ಬೆಟ್ಟುಗಳ ಹೆಸರು ಇನ್ನೂ ತಿರುಗುವುದಿಲ್ಲ. ಗದ್ದೆ ಹೋದ ಕಡೆ ಅದರ ಹೆಸರನ್ನು ಹೇಳುವವರೂ ಕಡಮೆಯಾಗುತ್ತಿದ್ದಾರೆ. ಹೆಸರನ್ನು ಉಳಿಸಿ ಮಕ್ಕಳಿಗೂ ಬಂದವರಿಗೂ ಕಲಿಸುವ ಕೆಲಸ ನಮ್ಮದು. ಕಲಿತವನನ್ನು ನಮ್ಮವನೆಂದು ಒಪ್ಪುವ ಕೆಲಸವೂ ನಮ್ಮದೇ.

ಮುಂದಿನ ಬಾರಿ ಮಂಗಳೂರಿಗೆ ಹೋದಾಗ ಸಂಜೆಯ ಬಸ್ಸಿಗೆ ಒಂದು ಗಂಟೆ ಬಾಕಿಯಿದ್ದರೆ ಅದನ್ನು ನಿಲ್ದಾಣದಲ್ಲಿ ಕಳೆಯಬೇಡಿರಿ. ಬಂದರಿನ ಕಡೆಗಾಗಲಿ ಬಲ್ಮಠದ ಏರಿನ ಕಡೆಗಾಗಲಿ ನಡೆಯಿರಿ. ಹಳೆಯ ಅಂಗಡಿಯ ಮುಂದೆ ಕುಳಿತ ಹಿರಿಯರೊಬ್ಬರನ್ನು ಕಂಡರೆ, ಈ ಕೇರಿಗೆ ಈ ಹೆಸರು ಹೇಗೆ ಬಂತೆಂದು ಕೇಳಿರಿ. ಅವರು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಉತ್ತರಿಸಿಯಾರು. ಉತ್ತರಿಸಿದ ಮೇಲೆ ಅವರೂ ನಿಮ್ಮನ್ನು ಖಂಡಿತವಾಗಿ ಕೇಳುವರು: ನಿಮ್ಮದು ಯಾವ ಊರು? ಆಗ ಎಲ್ಲೂರೆಂದು ಹೇಳಿ, ಅದರ ಒಂದೆರಡು ಬೈಲುಗಳ ಹೆಸರನ್ನೂ ಕೂಡಿಸಿ ಹೇಳಿರಿ.